ಕರುಳಿನ ಕಾಯಿಲೆಗೆ ಅಂಗವಿಕಲ ಪಿಂಚಣಿ ಸಿಗುತ್ತದೆಯೇ: ಕುಂಬಳೆಯಿಂದ ಒಂದು ಉತ್ತರ

ಮಂಜೇಶ್ವರಕ್ಕೆ ಸೊಸೆಯಾಗಿ ಬಂದಿರುವ ನಿಮ್ಮ ಅಕ್ಕನ ಮಗಳಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನಲ್ಲಿ ಉರಿಯೂತದಿಂದ ಹುಣ್ಣಾಗುವ ಕಾಯಿಲೆ, ಇದೆಯೆಂದು ಮಂಗಳೂರಿನ ವೈದ್ಯರು ಹೇಳಿದ್ದಾರೆ. ಅವಳಿಗೆ ಕೇರಳದಲ್ಲಿ ಅಂಗವಿಕಲ ಪಿಂಚಣಿ ಸಿಗುತ್ತದೆಯೇ, ಇಲ್ಲಿ ಆಗದಿದ್ದರೆ ಬೆಂಗಳೂರಿನ ನಿಮ್ಮ ವಿಳಾಸದಿಂದ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. ನನ್ನ ತಮ್ಮನಿಗೆ ಒಂಬತ್ತು ವರ್ಷಗಳಿಂದ ಕ್ರೋನ್ಸ್ ಕಾಯಿಲೆ ಇದೆ, ಅದೂ ಕರುಳಿನ ದೀರ್ಘಕಾಲದ ಉರಿಯೂತವೇ. ಅವನ ಕಡತವನ್ನು ಹಿಡಿದುಕೊಂಡು ಕುಂಬಳೆಯಿಂದ ಅತ್ತ ಕಾಸರಗೋಡಿಗೂ ಇತ್ತ ಮಂಗಳೂರಿಗೂ ಅಲೆದವನಾದ್ದರಿಂದ, ನಾನು ಕಂಡುಕೊಂಡದ್ದನ್ನು ನಿಮಗೆ ವಿವರವಾಗಿಯೇ ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರನ್ನು ತೋರಿಸಿದರೆ ಪಿಂಚಣಿ ಸಿಗುವುದಿಲ್ಲ. ಆ ಕಾಯಿಲೆ ದೇಹದ ಬೇರೆ ಭಾಗಗಳಿಗೆ ಮಾಡಿರುವ ಹಾನಿಯನ್ನು ತೋರಿಸಿದರೆ ಕೆಲವರಿಗೆ ಸಿಗಬಹುದು. ಪಿಂಚಣಿ ಸಿಗದವರಿಗೂ ಕೇಳಿ ಪಡೆಯಬಹುದಾದ ಒಂದು ಹಕ್ಕಿದೆ, ಅದನ್ನು ಕೇಳುವವರು ಕಡಿಮೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21 ಇವೆ. ಕಣ್ಣು, ಕಿವಿ, ಕೈಕಾಲುಗಳ ಜೊತೆಗೆ ಹೊರಗಿನವರ ಕಣ್ಣಿಗೆ ಕಾಣದ ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಕಾಯಿಲೆಗಳೂ ಈ ಪಟ್ಟಿಗೆ ಸೇರಿದವು, ಅದು ಒಳ್ಳೆಯದೇ ಆಯಿತು. ಕರುಳು ಮಾತ್ರ ಸೇರಲಿಲ್ಲ. ದೊಡ್ಡ ಕರುಳನ್ನು ಶಸ್ತ್ರಕ್ರಿಯೆಯಲ್ಲಿ ತೆಗೆಸಿಕೊಂಡು ಹೊಟ್ಟೆಗೆ ಮಲದ ಚೀಲ ಕಟ್ಟಿಕೊಂಡು ಬದುಕುವವರಿಗೂ, ಆ ಚೀಲದ ಕಾರಣಕ್ಕಾಗಿ ಎಂದು ಅಲ್ಲೊಂದು ಸ್ಥಾನವಿಲ್ಲ. ಪಟ್ಟಿಯ ಕೊನೆಯಲ್ಲಿ, ಕೇಂದ್ರ ಸರಕಾರ ಅಧಿಸೂಚನೆಯ ಮೂಲಕ ಬೇರೆ ವೈಕಲ್ಯಗಳನ್ನೂ ಸೇರಿಸಬಹುದು ಎಂಬ ಸಾಲು ಇದೆ. ಆ ಸಾಲನ್ನು ಬಳಸಿ ಕರುಳಿನ ದೀರ್ಘಕಾಲದ ಉರಿಯೂತವನ್ನು ಸೇರಿಸಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ದಿನಕ್ಕೆ ಹನ್ನೆರಡು ಸಲ ರಕ್ತಭೇದಿಯಾಗುವ ಮನುಷ್ಯ ಕೈಕಾಲು ಗಟ್ಟಿಯಾಗಿದ್ದರೂ ಕೂಲಿಗೆ ನಿಲ್ಲಲಾರ, ಬಸ್ಸು ಹತ್ತಲಾರ.

ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಪಟ್ಟಿ ಎಂಬ ಮಾತಿನ ಭಾರ ಚೆನ್ನಾಗಿ ಗೊತ್ತಿದೆ. ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳು ಇವು. ಎಣ್ಮಕಜೆಯ ಪಡ್ರೆ, ಸ್ವರ್ಗದ ಕಡೆಯ ಮನೆಗಳಲ್ಲಿ, ಮಗು ಸಂತ್ರಸ್ತರ ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದರ ಮೇಲೆಯೇ ಬದುಕು ನಿಂತದ್ದನ್ನು ನಾವು ನೋಡಿದ್ದೇವೆ. ಹಾಗಾಗಿ ತಮ್ಮನ ಕಾಯಿಲೆ ಪಟ್ಟಿಯಲ್ಲಿಲ್ಲ ಎಂದು ಮೊದಲ ಸಲ ಕೇಳಿದಾಗ ನಮ್ಮ ಅಮ್ಮ ಮತ್ತೇನನ್ನೂ ವಿಚಾರಿಸದೆ ಒಳಗೆ ಹೋದರು.

ತಿಳಿಯದೆ ನಾವು ಒಮ್ಮೆ, ವೈಕಲ್ಯವನ್ನು ಅಳೆದು ಪ್ರಮಾಣಪತ್ರ ಕೊಡುವ ಮೆಡಿಕಲ್ ಬೋರ್ಡಿನ ಮುಂದೆ ಹೋಗಿದ್ದೆವು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಟೋಕನ್ ತೆಗೆದುಕೊಂಡು ಕುಳಿತ ತಮ್ಮ ಹನ್ನೊಂದರೊಳಗೆ ಮೂರು ಸಲ ಎದ್ದು ಶೌಚಾಲಯಕ್ಕೆ ಹೋದ. ಮೂರನೆಯ ಸಲ ಹೋದಾಗ ಅವನ ಸಂಖ್ಯೆಯನ್ನು ಕರೆದರು, ಆಳಿಲ್ಲವೆಂದು ಕಡತವನ್ನು ಕೆಳಗೆ ಸೇರಿಸಿದರು. ಮಧ್ಯಾಹ್ನ ಒಳಗೆ ಹೋದಾಗ ವೈದ್ಯರು ಸೌಜನ್ಯದಿಂದಲೇ ಅವನ ಮುಷ್ಟಿಯ ಬಲ ನೋಡಿದರು, ಗೋಡೆಯ ತನಕ ನಡೆಸಿದರು, 'ನಡಕ್ಕಾನ್ ಬುದ್ಧಿಮುಟ್ಟ್ ಇಲ್ಲಲ್ಲೋ' ಎಂದರು. ನಡೆಯಲು ತೊಂದರೆಯಿಲ್ಲವಲ್ಲ ಎಂದು ಅದರ ಅರ್ಥ. ತೊಂದರೆ ಇರಲಿಲ್ಲ, ನಿಜ. ಆ ನಡಿಗೆಗಾಗಿ ಅವನು ಹಿಂದಿನ ದಿನ ಮಧ್ಯಾಹ್ನದಿಂದ ಒಂದು ತುತ್ತು ಗಂಜಿಯನ್ನೂ ಮುಟ್ಟಿರಲಿಲ್ಲ ಎಂಬುದನ್ನು ದಾಖಲಿಸಲು ಆ ಕಾಗದದಲ್ಲಿ ಜಾಗವಿರಲಿಲ್ಲ.

ಆದ್ದರಿಂದ ನಿಮ್ಮ ಹುಡುಗಿಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಕರುಳಿನ ಹೊರಗೆ ಏನಾಗಿದೆ ಎಂಬುದನ್ನು. ಈ ಕಾಯಿಲೆ ಇರುವ ಕೆಲವರಿಗೆ ಬೆನ್ನುಮೂಳೆಯ, ಸೊಂಟದ ಕೀಲುಗಳು ಬಿಗಿಯುತ್ತವೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಹೆಸರು ಕಡತದಲ್ಲಿದ್ದರೆ ಅದನ್ನು ಗಮನಿಸಿ. ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಸೊಂಟದ ಕೀಲು ಕುಸಿಯುವುದೂ ಉಂಟು. ಇವೆರಡೂ ಚಲನ ವೈಕಲ್ಯದ ಲೆಕ್ಕದಲ್ಲಿ ಅಳೆಯಲ್ಪಡುತ್ತವೆ. ವರ್ಷಗಟ್ಟಲೆ ನೋವು, ರಕ್ತಸ್ರಾವ, ನಾಚಿಕೆಗಳಿಂದ ತೀವ್ರವಾದ ಖಿನ್ನತೆ ಬಂದು ಮನೋವೈದ್ಯರ ಚಿಕಿತ್ಸೆಯಲ್ಲಿದ್ದರೆ, ಮಾನಸಿಕ ಅಸ್ವಸ್ಥತೆಯೂ ಆ 21ರಲ್ಲಿ ಒಂದು. ಅಳತೆಯ ಮಾರ್ಗಸೂಚಿಗಳು 2018ರಲ್ಲಿ ಬಂದು 2024ರಲ್ಲಿ ಪರಿಷ್ಕೃತವಾಗಿವೆ. ಪ್ರಮಾಣ ಶೇಕಡಾ 40 ಮುಟ್ಟಿದರೆ ಮಾತ್ರ ಪಿಂಚಣಿಯ, ಮೀಸಲಾತಿಯ ಬಾಗಿಲು ತೆರೆಯುತ್ತದೆ. ಇಲ್ಲದ್ದನ್ನು ಇದೆಯೆಂದು ಬರೆಸಲು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಇದ್ದದ್ದನ್ನು ಮಾತ್ರ ಮುಚ್ಚಿಡಬೇಡಿ. ಸೊಂಟದ ನೋವನ್ನು ಹೊಟ್ಟೆಯ ವೈದ್ಯರಲ್ಲಿ ಹೇಳುವುದೇಕೆ ಎಂದು ಸುಮ್ಮನಾಗುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ.

ಇನ್ನು ಗಡಿಯ ವಿಷಯ. ಇಲ್ಲಿ ನಮ್ಮ ವೈದ್ಯರು ಮಂಗಳೂರಿನಲ್ಲಿ, ನಮ್ಮ ರೇಷನ್ ಕಾರ್ಡು ಕೇರಳದ್ದು. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆ ಎರಡರ ನಡುವಿನ ದೂರ ಎಷ್ಟೆಂದು ನಮಗೆ ಅರ್ಥವಾಯಿತು. ತಮ್ಮನ ಮಾತ್ರೆಗಳು ಮುಗಿದು ಅವನು ಮತ್ತೆ ಹಾಸಿಗೆ ಹಿಡಿದದ್ದು ಆ ವಾರಗಳಲ್ಲಿಯೇ. ಪ್ರಮಾಣಪತ್ರವನ್ನು ಕೊಡಬೇಕಾದದ್ದು ರೋಗಿ ವಾಸಿಸುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರ, ಅಥವಾ ಚಿಕಿತ್ಸೆ ಪಡೆದ ಸರಕಾರಿ ಆಸ್ಪತ್ರೆಯ ಪ್ರಾಧಿಕಾರ. ಹಾಗಾಗಿ ಮಂಗಳೂರಿನ ಖಾಸಗಿ ವೈದ್ಯರ ಪತ್ರ ಪ್ರಮಾಣಪತ್ರವಾಗುವುದಿಲ್ಲ, ಆದರೆ ಒಳ್ಳೆಯ ಸಾಕ್ಷ್ಯವಾಗುತ್ತದೆ. ಕೊಲೊನೊಸ್ಕೋಪಿ, ಬಯಾಪ್ಸಿಗಳ ವರದಿ, ಪ್ರತಿ ಸಲದ ಡಿಸ್ಚಾರ್ಜ್ ಸಮರಿ, ಎಷ್ಟು ತಿಂಗಳು ಯಾವ ಪ್ರಮಾಣದಲ್ಲಿ ಸ್ಟೀರಾಯ್ಡ್ ನುಂಗಿದ್ದಾಳೆ ಎಂಬ ದಾಖಲೆ, ಕೀಲುಗಳ ಎಮ್ಮಾರೈ ಆಗಿದ್ದರೆ ಅದು, ಇಷ್ಟನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿಡಿ. ಆರಂಭದಲ್ಲಿ ಕರುಳಿನ ಕ್ಷಯವೆಂದು ತಿಳಿದು ಅದಕ್ಕೆ ಮದ್ದು ಕೊಟ್ಟಿದ್ದರೆ ಆ ಚೀಟಿಗಳನ್ನೂ ಬಿಸಾಡಬೇಡಿ. ಅದರಲ್ಲೂ ಕ್ರೋನ್ಸ್ ಮತ್ತು ಕರುಳಿನ ಕ್ಷಯವನ್ನು ಬೇರೆ ಮಾಡಿ ನೋಡುವುದು ನಮ್ಮ ದೇಶದ ವೈದ್ಯರಿಗೆ ನಿಜಕ್ಕೂ ಕಷ್ಟದ ಕೆಲಸ, ಕಾಯಿಲೆ ಎಷ್ಟು ಹಳೆಯದು ಎಂಬುದನ್ನು ಆ ಚೀಟಿಗಳೇ ಹೇಳುತ್ತವೆ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಚೀಟಿಯ ಅರ್ಜಿಯನ್ನು, ಸರಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಆನ್‌ಲೈನ್ ಹಾಕಿಕೊಡುತ್ತಾರೆ, ಪಿಂಚಣಿಯ ಅರ್ಜಿ ಗ್ರಾಮ ಪಂಚಾಯತಿಗೆ. ಅಲ್ಲಿ ನಿಮ್ಮ ಹುಡುಗಿ ಮೊದಲು ಎಡವುವುದು ಒಂದು ಪದದ ಬಳಿ. ಮಲಯಾಳದಲ್ಲಿ ಅಂಗವಿಕಲರಿಗೆ 'ಭಿನ್ನಶೇಷಿ' ಎನ್ನುತ್ತಾರೆ. ಅವರ ಭಾಷೆಯಲ್ಲಿ ಶೇಷಿ ಎಂದರೆ ಸಾಮರ್ಥ್ಯ, ಗೌರವದ ಪದ ಅದು. ಕನ್ನಡದ ಕಿವಿಗೆ ಮಾತ್ರ ಏನೋ ಉಳಿದುಹೋದ ಶೇಷ ಎಂದು ಕೇಳುತ್ತದೆ. ಘಟ್ಟದ ಮೇಲಿನಿಂದ ಬಂದ ಸೊಸೆಯಂದಿರು ಈ ಪದವನ್ನು ಕಂಡು ತಮಗೆ ಸಂಬಂಧವಿಲ್ಲದ ಅರ್ಜಿಯೆಂದು ಮಡಚಿಟ್ಟದ್ದನ್ನು ನಾನು ಕಂಡಿದ್ದೇನೆ. ಭಾಷಾ ಅಲ್ಪಸಂಖ್ಯಾತರಾದ ನಾವು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಹೇಳಿದೆ. ಮನವಿಯನ್ನು ಕನ್ನಡದಲ್ಲಿಯೇ ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಪ್ರಮಾಣಪತ್ರದ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೆಯ ಸೆಕ್ಷನ್ ಅವಕಾಶ ಕೊಟ್ಟಿದೆ.

ಕೇರಳದ ಕ್ಷೇಮ ಪಿಂಚಣಿ ಬಹುಕಾಲ ತಿಂಗಳಿಗೆ 1600 ರೂಪಾಯಿ ಇತ್ತು, 2025ರ ಕೊನೆಯಲ್ಲಿ 2000ಕ್ಕೆ ಏರಿತು. ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷವನ್ನು ಮೀರಬಾರದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಹಿಮೋಫಿಲಿಯಾ ಮತ್ತು ಸಿಕಲ್ ಸೆಲ್ ಇರುವವರಿಗೆ ಸಮಾಶ್ವಾಸಂ ಎಂಬ ಬೇರೆಯ ಸಹಾಯಧನವಿದೆ, ಅದರಲ್ಲಿಯೂ ಕರುಳಿಲ್ಲ. ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ ಮಾತ್ರ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ದೊಡ್ಡ ಆಸರೆ: ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ, ವೈಕಲ್ಯದ ಶೇಕಡಾವಾರು ಕೇಳದೆ. ಗಂಡನ ಮನೆಯ ಕಾರ್ಡಿನಲ್ಲಿ ಅವಳ ಹೆಸರು ಸೇರಿದೆಯೇ ಎಂದು ಇಂದೇ ನೋಡಿ. ದಿನನಿತ್ಯದ ಮೆಸಲಮಿನ್ ಮಾತ್ರೆಯ ಖರ್ಚು ಇದರಲ್ಲಿ ಬರುವುದಿಲ್ಲ, ತಿಂಗಳ ತಿಂಗಳ ಹೊರೆಯಾಗಿ ಉಳಿಯುವುದೂ ಅದೇ.

ಬೆಂಗಳೂರಿನ ವಿಳಾಸದ ಯೋಚನೆಯನ್ನು ಬಿಟ್ಟುಬಿಡಿ. ಪ್ರಮಾಣಪತ್ರ ಸಿಕ್ಕಿದರೆ ಅದು ದೇಶದಲ್ಲೆಲ್ಲ ನಡೆಯುತ್ತದೆ, ಆದರೆ ಪಿಂಚಣಿಯನ್ನು ಕೊಡುವುದು ವಾಸವಿರುವ ರಾಜ್ಯ. ಪಟ್ಟಿಯೂ ಎರಡು ಕಡೆ ಒಂದೇ, ಕೇಂದ್ರದ ಕಾಯ್ದೆಯದು.

ಅವಳು ಬಿ.ಎಡ್. ಓದುತ್ತಿದ್ದಾಳೆ ಎಂದೂ ಬರೆದಿದ್ದೀರಿ. ನನಗೆ ಅದೇ ಹೆಚ್ಚು ಮುಖ್ಯವಾಗಿ ಕಂಡಿತು. ಸಿವಿಲ್ ಸರ್ವೀಸ್ ಪರೀಕ್ಷೆಗೆ ತಾನು ಹೇಳಿದ್ದನ್ನು ಬರೆಯುವ ಲಿಪಿಕಾರನನ್ನು ಕೇಳಿದ ವಿಕಾಸ್ ಕುಮಾರ್ ಎಂಬವರ ದಾವೆಯಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ, ಶೇಕಡಾ 40ರ ಮಿತಿ ಮೀಸಲಾತಿಯಂಥವುಗಳಿಗೆ ಮಾತ್ರ, ದೀರ್ಘಕಾಲದ ಊನವಿರುವ ಯಾರು ಬೇಕಾದರೂ ತಕ್ಕ ಅನುಕೂಲವನ್ನು ಕೇಳಬಹುದು ಎಂದು ಹೇಳಿತು. ಅವರಿಗಿದ್ದದ್ದು ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ, ಶೇಕಡಾ 40ರ ಪ್ರಮಾಣಪತ್ರ ಅವರಲ್ಲಿರಲಿಲ್ಲ. ಆ ತೀರ್ಪಿನ ಮಾತನ್ನು ಹಿಡಿದು ತಮ್ಮನ ಕಾಲೇಜಿಗೆ ನಾವು ಒಂದು ಪುಟದ ಮನವಿ ಬರೆದೆವು: ಬಾಗಿಲಿನ ಪಕ್ಕದ ಬೆಂಚು, ಕೇಳಿದಾಗ ಹೊರಗೆ ಹೋಗಲು ಅನುಮತಿ, ಹೊರಗೆ ಕಳೆದ ನಿಮಿಷಗಳನ್ನು ಕೊನೆಯಲ್ಲಿ ಸೇರಿಸಿ ಕೊಡುವುದು. ಪ್ರಾಂಶುಪಾಲರು ಎರಡು ದಿನ ಯೋಚಿಸಿ ಸಹಿ ಹಾಕಿದರು. ಒಂದು ಪತ್ರಿಕೆಯ ದಿನ ಅವನು ಒಟ್ಟು 22 ನಿಮಿಷ ಹೊರಗಿದ್ದ, ಮೇಲ್ವಿಚಾರಕಿ ಅದನ್ನು ಉತ್ತರ ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡು, ಎಲ್ಲರೂ ಎದ್ದ ಮೇಲೆ ಅವನನ್ನು 22 ನಿಮಿಷ ಕೂರಿಸಿ ಬರೆಸಿದರು.

ಮುಂದಿನ ಸಲ ಮಂಗಳೂರಿಗೆ ಹೋದಾಗ ಅವಳು ವೈದ್ಯರಿಂದ ಇಂಥದೊಂದು ಪತ್ರ ಬರೆಸಿಕೊಳ್ಳಲಿ: ಕಾಯಿಲೆ ಜೀವನಪೂರ್ತಿಯದು, ಉಲ್ಬಣಿಸಿದಾಗ ದಿನಕ್ಕೆ ಎಷ್ಟು ಸಲ ಶೌಚಕ್ಕೆ ಹೋಗಬೇಕಾಗುತ್ತದೆ, ತಡೆದುಕೊಳ್ಳುವುದು ಸಾಧ್ಯವಿಲ್ಲ. ಕಾಲೇಜಿಗೆ ಅದೊಂದು ಪ್ರತಿ, ಬೋರ್ಡಿಗೆ ಹೋಗುವುದಾದರೆ ಅಲ್ಲಿಗೊಂದು. ಅರ್ಜಿಯ ಮಲಯಾಳ ಭಾಗವನ್ನು ನಾನು ಓದಿ ಹೇಳುತ್ತೇನೆ. ಅಕ್ಷಯಕ್ಕೆ ಹೋಗುವ ದಿನ ಅವಳ ಗಂಡ ನನಗೆ ಮೊದಲೇ ತಿಳಿಸಲಿ, ಟೋಕನ್ ಹಿಡಿದು ಸಾಲಿನಲ್ಲಿ ನಾನು ನಿಲ್ಲುತ್ತೇನೆ, ಅವಳು ಶೌಚಾಲಯದ ಹತ್ತಿರದ ಬೆಂಚಿನಲ್ಲಿ ಕುಳಿತಿರಲಿ.