ಮೋರಿ ಕೆಳಗಿನ ನೀರು ಯಾವ ಕಡಲಿಗೆ?

ಕೊಡಗಿನ ಹೊಳೆ, ದಾರಿಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಮಡಿಕೇರಿಯ ನಿವೃತ್ತ ಬಸ್ ಚಾಲಕರೊಬ್ಬರ ಉತ್ತರ

ಪ್ರಶ್ನೆ: ಪಿರಿಯಾಪಟ್ಟಣದಿಂದ ಸುಳ್ಯದ ನೆಂಟರ ಮನೆಗೆ ಆಗಾಗ ಹೋಗುತ್ತೇವೆ. ದಾರಿಯಲ್ಲಿ ದಾಟುವ ಹೊಳೆಗಳೆಲ್ಲ ಕಾವೇರಿಗೇ ಸೇರುತ್ತವಾ ಎಂದು ಮಗಳು ಕೇಳಿದಳು. ನನಗೆ ಹೇಳಲು ಬರಲಿಲ್ಲ.
– ಓದುಗರು, ಪಿರಿಯಾಪಟ್ಟಣ

ಉತ್ತರ: ಇಲ್ಲ, ಎಲ್ಲವೂ ಸೇರುವುದಿಲ್ಲ. ಕೊಪ್ಪ ದಾಟಿ ಕುಶಾಲನಗರಕ್ಕೆ ಬರುವಾಗ ಸಿಗುವ ಸೇತುವೆ ಕಾವೇರಿಯದ್ದು. ಅಲ್ಲಿಂದ ಸುಂಟಿಕೊಪ್ಪದ ಏರು ಹತ್ತುವಾಗ ಸಿಗುವ ತೋಡು, ಮೋರಿಗಳ ನೀರೂ ಸುತ್ತಿ ಬಳಸಿ ಅದಕ್ಕೇ ಸೇರುತ್ತದೆ. ಬಲಗಡೆಯದ್ದು ಹಾರಂಗಿ ಹೊಳೆಯ ಜೊತೆ ಹೋಗಿ ಕೂಡಿಗೆಯಲ್ಲಿ ಕಾವೇರಿಯನ್ನು ಕೂಡುತ್ತದೆ. ಊರಿನ ಹೆಸರೇ ಹೇಳುತ್ತದೆ ನೋಡಿ.

ಮಡಿಕೇರಿ ದಾಟಿ ಘಾಟಿ ಇಳಿದು ಜೋಡುಪಾಲಕ್ಕೆ ಬನ್ನಿ, ಅಲ್ಲಿ ಲೆಕ್ಕ ಬೇರೆ. ಕೊಯನಾಡು, ಸಂಪಾಜೆಯಲ್ಲಿ ರಸ್ತೆ ಪಕ್ಕದಲ್ಲೇ ಹರಿಯುವುದು ಪಯಸ್ವಿನಿ. ಅದು ಸುಳ್ಯದ ಮೇಲೆ ಹಾದು, ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಂಡು ಅರಬ್ಬೀ ಸಮುದ್ರ ಸೇರುತ್ತದೆ. ಸುಳ್ಯ ಮುಟ್ಟುವ ಮೊದಲು ಅರಂಬೂರು ಸಿಗುತ್ತದಲ್ಲ, ಗಿರೀಶ್ ಭಾರದ್ವಾಜರು 1989ರಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು ಅಲ್ಲೇ, ಇದೇ ಹೊಳೆಗೆ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನನ್ನ ಹಳೇ ಬಸ್ಸಿಗೆ ಘಾಟಿ ಹತ್ತುವಾಗ ರೇಡಿಯೇಟರ್ ಕುದಿಯುವ ಕಾಯಿಲೆ. ಕೊಯನಾಡಿನ ತೋಡಿನಲ್ಲಿ ಬಕೆಟ್ ತುಂಬಿ ಸೀಟಿನ ಪಕ್ಕ ಇಟ್ಟುಕೊಳ್ಳುತ್ತಿದ್ದೆ. ಉಳಿದದ್ದನ್ನು ಸಂಜೆ ಕುಶಾಲನಗರದ ಹೊಳೆದಡದಲ್ಲಿ ಚೆಲ್ಲುತ್ತಿದ್ದೆ. ಅರಬ್ಬೀ ಸಮುದ್ರಕ್ಕೆ ಹೋಗಬೇಕಾದ ನೀರು ನನ್ನಿಂದಾಗಿ, ಕಾವೇರಿ ಬಂಗಾಳ ಕೊಲ್ಲಿ ಸೇರುವ ಪೂಂಪುಹಾರಿನ ದಾರಿ ಹಿಡಿಯಿತು! ಟಿಕೆಟ್ ಕೂಡ ಇಲ್ಲದೆ. ಮಗಳಿಗೆ ಇದನ್ನೂ ಹೇಳಿ.

ಪ್ರಶ್ನೆ: ಭಾಗಮಂಡಲದಲ್ಲಿ ಕಾವೇರಿ ಬೇಸಿಗೆಯಲ್ಲಿ ಮೊಣಕಾಲುದ್ದ. ಮಳೆಗಾಲದಲ್ಲಿ ರಸ್ತೆ ಮುಳುಗುವಷ್ಟು ನೀರು ಎಲ್ಲಿಂದ ಬರುತ್ತದೆ?
– ಓದುಗರು, ಹಾಸನ

ಉತ್ತರ: ತಲಕಾವೇರಿಯಿಂದ ಅಲ್ಲಿಗೆ ರಸ್ತೆಯಲ್ಲಿ 8 ಕಿಲೋಮೀಟರ್ ಅಷ್ಟೆ. ಆದರೆ ಕನ್ನಿಕೆಯೂ ಅಲ್ಲೇ ಬಂದು ಸೇರುತ್ತಾಳೆ. ಮೂರನೆಯವಳು ಸುಜ್ಯೋತಿ ಗುಪ್ತಗಾಮಿನಿ, ಪ್ರವಾಹದ ಲೆಕ್ಕಕ್ಕೆ ಬೇಡ. ಎರಡೂ ಹೊಳೆ ಕಡಿದಾದ ಬೆಟ್ಟದಿಂದ ಧುಮುಕಿ ಬಂದು ಒಮ್ಮೆಲೇ ಗದ್ದೆಬಯಲಿಗೆ ಬೀಳುತ್ತವೆ. ಇಳಿಜಾರು ಮುಗಿದ ಮೇಲೆ ನೀರಿಗೆ ಓಡಲು ದಾರಿಯಿಲ್ಲ. ಸುಮ್ನೆ ಅಗಲಕ್ಕೆ ಹರಡುತ್ತದೆ. ಹಳೇ ರಸ್ತೆ ಇದ್ದದ್ದು ಆ ಬಯಲಲ್ಲೇ.

ಆಗ ನಮ್ಮ ಕಂಡಕ್ಟರ್ ಕೋಲು ಹಿಡಿದು ಮುಂದೆ ನಡೆಯುತ್ತಿದ್ದರು. ಮೊಣಕಾಲಿನವರೆಗೆ ಬಂದರೆ ಬಸ್ಸು ಹೋಗುತ್ತದೆ, ಮೇಲೆ ಬಂದರೆ ಇಲ್ಲ. ಒಮ್ಮೆ ಜುಲೈಯಲ್ಲಿ ಒಂದು ರಾತ್ರಿಯಿಡೀ ಈಚೆ ದಡದಲ್ಲೇ ನಿಂತೆವು. ಹತ್ತಿರದ ಮನೆಯವರು ಅಕ್ಕಿ ರೊಟ್ಟಿ, ಕಣಿಲೆ ಪಲ್ಯ ಕಳಿಸಿದರು. ಮುಂದಿನ ವರ್ಷ ನೀರು ಬಂದಾಗ ಪ್ರಯಾಣಿಕರೊಬ್ಬರು, "ಅಲ್ಲೇ ನಿಲ್ಲಿಸಿ ಅಣ್ಣಾ, ರೊಟ್ಟಿ ಸಿಗುತ್ತೆ" ಅಂದಿದ್ದರು. ಈಗ ಮೇಲ್ಸೇತುವೆ ಆಗಿದೆ. ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನೀರು ಅಲ್ಲಿಗೇ ಮುಗಿಯಲಿಲ್ಲ. ಕೆಳಗೆ ಕಕ್ಕಬ್ಬೆ ಹೊಳೆ ಸೇರುತ್ತದೆ, ಕದನೂರು ಹೊಳೆ ಸೇರುತ್ತದೆ. 2019ರ ಆಗಸ್ಟಿನಲ್ಲಿ ಕರಡಿಗೋಡು, ನೆಲ್ಯಹುದಿಕೇರಿಯ ದಡದಲ್ಲಿ ಮನೆಗಳೇ ಹೋದವು. ಅಲ್ಲಿಯವರು ಇವತ್ತಿಗೂ ಭಾಗಮಂಡಲದಲ್ಲಿ ಮಳೆ ಹೇಗಿದೆ ಎಂದು ಫೋನ್ ಮಾಡಿ ಕೇಳುತ್ತಾರೆ.

ಪ್ರಶ್ನೆ: ಮಡಿಕೇರಿಯ ಕೂಟುಹೊಳೆಗೂ ಕೇರಳ ಗಡಿಯ ಕೂಟುಪುಳಕ್ಕೂ ಏನಾದರೂ ಸಂಬಂಧ?
– ಓದುಗರು, ವಿರಾಜಪೇಟೆ

ಉತ್ತರ: ನೀರಿನ ಸಂಬಂಧ ಇಲ್ಲ, ಮಾತಿನದ್ದು ಇದೆ. ಕನ್ನಡದ ಹೊಳೆ ಕೊಡವ ತಕ್ಕಿನಲ್ಲಿ ಪೊಳೆ, ಮಲಯಾಳದಲ್ಲಿ ಪುಳ. ಕೂಟು ಅಂದರೆ ಕೂಡುವುದು. ಮಡಿಕೇರಿಯ ನಲ್ಲಿಗೆ ನೀರು ಬರುವುದು ಕೂಟುಹೊಳೆಯಿಂದ. ಕೂಟುಪುಳ ಸಿಗುವುದು ಮಾಕುಟ್ಟ ಇಳಿದು ಇರಿಟ್ಟಿಗೆ ಹೋಗುವಾಗ. ಆ ಘಾಟಿಯಲ್ಲಿ ನಾನು ಬಸ್ ಓಡಿಸಿದ್ದು ಎರಡೇ ಸಲ, ಎರಡು ಸಲವೂ ಮಂಜು. ಅಲ್ಲಿನ ಮೋರಿಗಳ ಬಗ್ಗೆ ಜಾಸ್ತಿ ಕೇಳಬೇಡಿ.