ಇಂಜೆಕ್ಷನ್‌ಗೆ ಮುಂಚೆ ಡ್ರಿಪ್ ನಿಲ್ಲಿಸಿದ್ದು ಯಾಕೆ?

ಹಿರಿಯೂರಿನಲ್ಲಿ ನಿಮ್ಮ ತಾಯಿಗೆ ಸೆಫ್ಟ್ರಿಯಾಕ್ಸೋನ್ (ಸೋಂಕಿಗೆ ಕೊಡುವ ಆಂಟಿಬಯೋಟಿಕ್) ಕೊಡುವ ಮುಂಚೆ ಸಿಸ್ಟರ್ ಡ್ರಿಪ್ ನಿಲ್ಲಿಸಿ, ಸಿರಿಂಜ್‌ನಲ್ಲಿ ನೀರಿನಂಥದ್ದು ಹಾಕಿದ್ದು ಯಾಕೆ ಅಂತ ಕೇಳಿದ್ದೀರಿ. ಗಾಬರಿ ಬೇಡ, ಅವರು ಸರಿಯಾಗಿಯೇ ಮಾಡಿದ್ದಾರೆ. ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್, ನಾವು ದಿನಾ ಮಾಡುವ ಕೆಲಸ ಇದು.

ಬಾಟಲಿ ಮೇಲೆ ಆರ್‌ಎಲ್ ಅಂತ ಇತ್ತು ಅಂದಿರಲ್ವಾ? ಅದು ರಿಂಗರ್ ಲ್ಯಾಕ್ಟೇಟ್ ಅನ್ನುವ ಡ್ರಿಪ್ ದ್ರವ, ಅದರಲ್ಲಿ ಕ್ಯಾಲ್ಸಿಯಂ ಇರುತ್ತದೆ. ಈ ಔಷಧಿ ಅದರ ಜೊತೆ ಸೇರಿದರೆ ಪೈಪಿನೊಳಗೇ ಬಿಳಿ ಕಣ ಕಟ್ಟಬಹುದು, ಹಾಲಿನ ಹನಿ ಬಿದ್ದ ಹಾಗೆ ಮಬ್ಬಾಗಬಹುದು. ಆ ಕಣ ರಕ್ತಕ್ಕೆ ಹೋಗಬಾರದು. ಅದಕ್ಕೇ ನಡುವೆ ನಾರ್ಮಲ್ ಸಲೈನ್ (ಉಪ್ಪುನೀರು, ನೀವು ನೋಡಿದ ನೀರಿನಂಥದ್ದು ಅದೇ) ಹಾಕಿ ಪೈಪು ತೊಳೆಯುತ್ತೇವೆ. ಕ್ಯಾಲ್ಸಿಯಂ ಡ್ರಿಪ್ ಇರುವ ಎಳೆಗೂಸಿಗಂತೂ ಈ ಔಷಧಿಯನ್ನೇ ಕೊಡುವುದಿಲ್ಲ.

ಇಂಜೆಕ್ಷನ್ ಆದ ಮೇಲೆ ತಾಯಿ ಕುತ್ತಿಗೆ ಕೆರೆದುಕೊಳ್ಳುತ್ತಿದ್ದರು ಅಂತ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ. ನನಗೆ ಅದೇ ಜಾಸ್ತಿ ಮುಖ್ಯ ಅನಿಸಿತು. ಮುಂದಿನ ಡೋಸ್‌ಗೆ ಮುಂಚೆಯೇ ಡ್ಯೂಟಿ ಸಿಸ್ಟರ್‌ಗೆ ಹೇಳಿ. ದದ್ದು, ತುಟಿ ಊತ, ಉಸಿರಾಟಕ್ಕೆ ಕಷ್ಟ, ಯಾವುದು ಕಂಡರೂ ಕಾಯಬೇಡಿ, ಕೂಗಿ ಕರೆಯಿರಿ. ಅಲರ್ಜಿ ಅಂತ ಡಾಕ್ಟರ್ ಹೇಳಿದರೆ ಔಷಧಿ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಅಡ್ಡ ಪರಿಣಾಮವನ್ನು ನೀವೇ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಿಯೂ ತಿಳಿಸಬಹುದು, ದುಡ್ಡು ಹೋಗುವುದಿಲ್ಲ.