ಅಳು ಗಂಟಲಲ್ಲೇ ನಿಂತಿದೆ, ಯಾರ ಹತ್ತಿರ ಹೋಗಲಿ?

ಪ್ರಶ್ನೆ: ನನಗೆ 36 ವರ್ಷ, ಮಂಡ್ಯದ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಎರಡು ವರ್ಷದ ಹಿಂದೆ ಅಪ್ಪ ಹೃದಯಾಘಾತವಾಗಿ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಮ್ಮ ಕುಸಿದುಬಿಟ್ಟಿದ್ದರು, ತಮ್ಮ ಇನ್ನೂ ಓದುತ್ತಿದ್ದ. ಬಿಲ್ಲು, ಆಂಬುಲೆನ್ಸು, ನೆಂಟರಿಗೆ ಫೋನು, ತಿಥಿ ಎಲ್ಲ ನಾನೇ ನೋಡಿಕೊಂಡೆ. ಅಳು ಬರಲೇ ಇಲ್ಲ. ‘ಎಂಥಾ ಕಲ್ಲು ಮನಸ್ಸು ಇವಳದು’ ಅಂತ ಚಿಕ್ಕಮ್ಮ ಅಂದಿದ್ದು ಕಿವಿಗೆ ಬಿತ್ತು. ಆಮೇಲಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದೆ. ಭುಜ ಸದಾ ಬಿಗಿ. ಸೈರನ್ ಕೇಳಿದರೆ ಕಾಲಲ್ಲಿ ಶಕ್ತಿಯೇ ಇರಲ್ಲ. ಇಎನ್‌ಟಿ, ಎಂಡೋಸ್ಕೋಪಿ, ಥೈರಾಯ್ಡ್, ಇಸಿಜಿ ಎಲ್ಲ ನಾರ್ಮಲ್. ಕೌನ್ಸೆಲರ್ ಮುಂದೆ ಎಲ್ಲ ಹೇಳಿಕೊಂಡೆ, ಆದರೆ ಬೇರೆ ಯಾರದೋ ವಿಷಯ ಹೇಳಿದ ಹಾಗಿತ್ತು. ಅವರು, ಮೈಸೂರಲ್ಲಿ ದೇಹದ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವವರೊಬ್ಬರಿದ್ದಾರೆ, ಹೋಗಿ ನೋಡಿ ಅಂದರು. ಯಜಮಾನರು ‘ಅದೆಲ್ಲ ದುಡ್ಡು ಕೀಳೋ ದಂಧೆ, ಬೇಕಾದ್ರೆ ಯೋಗಕ್ಕೆ ಸೇರ್ಕೋ’ ಅಂತಾರೆ. ಅತ್ತೆ ದೃಷ್ಟಿ ತೆಗೀಬೇಕು ಅಂತಾರೆ. ಅಲ್ಲಿ ಮೈ ಮುಟ್ಟುತ್ತಾರೇನೋ ಅಂತ ನನಗೂ ಭಯ. ಹೋಗಲಾ, ಬೇಡವಾ? ಮನೆಯಲ್ಲಿ ಹೇಳದೆ ಹೋದರೆ ತಪ್ಪಾ?

ಉತ್ತರ: ಹೋಗಿ. ಆದರೆ ವಿಚಾರಿಸಿಕೊಂಡು ಹೋಗಿ, ಮತ್ತೆ ಯಜಮಾನರಿಗೆ ಹೇಳಿಯೇ ಹೋಗಿ.

ಮೊದಲು ಚಿಕ್ಕಮ್ಮನ ಮಾತನ್ನು ಪಕ್ಕಕ್ಕೆ ಇಡೋಣ. ನಮ್ಮ ಮಂಡ್ಯದ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹೇಗೆ ಅಳುತ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಒಬ್ಬರನ್ನೊಬ್ಬರು ತಬ್ಬಿಕೊಂಡು, ಎದೆ ಬಡಿದುಕೊಂಡು, ಸತ್ತವರ ಗುಣವನ್ನೆಲ್ಲ ಎತ್ತಿ ಹಾಡಿ ಹಾಡಿ ಅಳುತ್ತಾರೆ. ಅಲ್ಲಿ ಗಂಟಲು, ಎದೆ, ಕೈ ಎಲ್ಲಕ್ಕೂ ಕೆಲಸ ಸಿಗುತ್ತದೆ. ಆ ಹೊತ್ತಿನಲ್ಲಿ ನೀವೆಲ್ಲಿದ್ದಿರಿ? ಹೊರಗೆ ಫೋನ್ ಹಿಡಿದುಕೊಂಡು ಶಾಮಿಯಾನದವನಿಗೆ ದಾರಿ ಹೇಳುತ್ತಿದ್ದಿರೋ ಏನೋ. ಯಾರಾದರೂ ಒಬ್ಬರು ಹಾಗೆ ನಿಲ್ಲಲೇಬೇಕಿತ್ತು, ನೀವು ನಿಂತಿರಿ. ನಿಂತವರಿಗೆ ಅಳೋದಕ್ಕೆ ಪುರಸೊತ್ತು ಸಿಗಲಿಲ್ಲ, ಅಷ್ಟೇ.

ಅಳು ತಡೆಯೋದು ಅಂದರೆ ಮೈ ಏನು ಮಾಡುತ್ತದೆ ಗೊತ್ತಾ? ಉಸಿರನ್ನು ಅರ್ಧಕ್ಕೇ ಹಿಡಿಯುತ್ತದೆ, ದವಡೆ ಕಚ್ಚುತ್ತದೆ, ಗಂಟಲಿನ ಸ್ನಾಯು ಬಿಗಿಯಾಗುತ್ತವೆ, ಭುಜ ಕಿವಿಯ ಕಡೆ ಏರುತ್ತದೆ. ಜೊತೆಗೆ ಗಾಬರಿಯಾದಾಗ ಅಡ್ರಿನಲಿನ್ ಸುರಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಓಡುವುದಕ್ಕೋ ಎದುರು ನಿಲ್ಲುವುದಕ್ಕೋ ಕೈಕಾಲು ತಯಾರಾಗುತ್ತವೆ. ಎರಡೂ ಸಾಧ್ಯವಾಗದ ಕಡೆ, ಅಂದರೆ ಐಸಿಯು ಬಾಗಿಲಲ್ಲಿ, ಮೈ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತದೆ. ಒಂದು ದಿನಕ್ಕಾದರೆ ಪರವಾಗಿಲ್ಲ. ದಿನಾ ಇದೇ ಆದರೆ ಅದೇ ಅಭ್ಯಾಸವಾಗುತ್ತದೆ, ನಾವು ಬಿಗಿ ಹಿಡಿದಿದ್ದೇವೆ ಅನ್ನೋದೂ ನಮಗೆ ಗೊತ್ತಾಗಲ್ಲ. ಏನೂ ಇಲ್ಲದೆ ಗಂಟಲಲ್ಲಿ ಗಂಟು ಇದ್ದ ಹಾಗೆ ಅನ್ನಿಸೋದು ಡಾಕ್ಟರುಗಳಿಗೆ ಹಳೇ ಪರಿಚಯದ ತೊಂದರೆ. ಆತಂಕ, ದುಃಖ ಇದ್ದಾಗ ಅದು ಜಾಸ್ತಿಯಾಗುತ್ತದೆ, ಹುಳಿತೇಗು ಇರುವವರಿಗೂ ಬರುತ್ತದೆ. ನೀವು ನಾಟಕ ಮಾಡುತ್ತಿಲ್ಲ. ಒಂದು ಮಾತು ಮಾತ್ರ: ಅನ್ನ ನುಂಗುವಾಗಲೇ ಸಿಕ್ಕಿಕೊಳ್ಳುವುದು, ತೂಕ ಇಳಿಯುವುದು, ಉಗುಳಿನಲ್ಲಿ ರಕ್ತ, ಇವು ಕಂಡರೆ ಇಎನ್‌ಟಿ ಹತ್ತಿರ ಮತ್ತೆ ಹೋಗಿ.

ಕೌನ್ಸೆಲರ್ ಮುಂದೆ ಬೇರೆಯವರ ವಿಷಯ ಹೇಳಿದ ಹಾಗಿತ್ತು ಅಂದಿರಲ್ಲ, ಅದೇ ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ ಮಾತು. ನೀವು ಟೀಚರ್. ಮಾತು ನಿಮ್ಮ ಕೈಲಿರುವ ವಿದ್ಯೆ. ಎಂಥಾ ಸಂಕಟವನ್ನೂ ಸಾಲಾಗಿ ಜೋಡಿಸಿ ಹೇಳಿಬಿಡುತ್ತೀರಿ, ಆ ಹೊತ್ತಿಗೆ ಗಂಟಲು ಮಾತ್ರ ತನ್ನ ಪಾಡಿಗೆ ಬಿಗಿದುಕೊಂಡೇ ಇರುತ್ತದೆ. ಇಂಥವರಿಗೆ ಬೇರೆ ಬಾಗಿಲಿಂದ ಒಳಗೆ ಹೋಗುವುದು ಒಳ್ಳೇದು. ನಮ್ಮ ಮಿದುಳಿನಿಂದ ಹೊರಟು ಗಂಟಲು, ಎದೆ, ಹೊಟ್ಟೆವರೆಗೆ ಹೋಗುವ ವೇಗಸ್ ಅನ್ನೋ ನರ ಇದೆ. ಅದರಲ್ಲಿ ಮೇಲಿಂದ ಕೆಳಗೆ ಹುಕುಂ ತರುವ ಎಳೆಗಳಿಗಿಂತ, ಕೆಳಗಿನಿಂದ ಮಿದುಳಿಗೆ ಸುದ್ದಿ ಒಯ್ಯುವ ಎಳೆಗಳೇ ಜಾಸ್ತಿ. ‘ಎಲ್ಲ ಮುಗೀತು, ಸಮಾಧಾನ ಮಾಡ್ಕೋ’ ಅಂತ ತಲೆ ಎಷ್ಟು ಹೇಳಿದರೂ ಸಾಲದೇ ಇರೋದು, ಉಸಿರು ಸಡಿಲವಾದ ಕೂಡಲೇ ತಲೆಯೂ ಹಗುರ ಆಗೋದು ನಿಮಗೇ ಅನುಭವಕ್ಕೆ ಬಂದಿರುತ್ತದೆ, ಅಲ್ವಾ?

ಅಲ್ಲಿ ಏನು ಮಾಡುತ್ತಾರೆ ಅಂತ ಹೇಳುತ್ತೇನೆ, ಭಯ ಸ್ವಲ್ಪ ಕಡಿಮೆಯಾಗಲಿ. ಸುಮ್ನೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಆ ರಾತ್ರಿಯ ಕಥೆ ಪೂರ್ತಿ ಬೇಡ, ಒಂದು ತುಣುಕು ಸಾಕು. ನೀವು ‘ಬಿಲ್ಲಿಂಗ್ ಕೌಂಟರ್ ಮುಂದೆ ನಿಂತಿದ್ದೆ’ ಅಂತೀರಿ ಅಂತಿಟ್ಟುಕೊಳ್ಳಿ. ‘ಅಲ್ಲೇ ನಿಲ್ಲಿಸಿ, ಇದನ್ನ ಹೇಳುವಾಗ ಮೈಯಲ್ಲಿ ಏನಾಗ್ತಿದೆ?’ ಅಂತ ಕೇಳುತ್ತಾರೆ. ನೋಡಿಕೊಂಡರೆ ಬಲಗೈ ಮುಷ್ಟಿ ಕಟ್ಟಿದೆ, ಅವತ್ತು ಫೈಲು ಹಿಡಿದಿದ್ದ ಕೈ. ‘ಆ ಮುಷ್ಟೀನ ಇನ್ನೂ ಸ್ವಲ್ಪ ಬಿಗಿ ಮಾಡಿ, ಈಗ ನಿಧಾನಕ್ಕೆ, ಒಂದೊಂದೇ ಬೆರಳು ಬಿಡಿ’ ಅಂತಾರೆ. ಕೈ ನಡುಗಬಹುದು, ಆಕಳಿಕೆ ಬರಬಹುದು, ಹೊಟ್ಟೆ ಗುಡುಗುಡು ಅನ್ನಬಹುದು, ಕಣ್ಣೀರು ಬಂದರೂ ಬಂತು, ಬರದಿದ್ದರೂ ನಷ್ಟವಿಲ್ಲ. ಅಲ್ಲಿಂದ ಗಮನವನ್ನು ವಾಪಸ್ ಕರೆದುಕೊಂಡು ಬರುತ್ತಾರೆ, ನೆಲಕ್ಕೆ ತಾಗಿದ ಪಾದಕ್ಕೆ, ಕುರ್ಚಿಯ ಬೆನ್ನಿಗೆ, ಕಿಟಕಿಯಾಚೆಯ ಮರಕ್ಕೆ. ಮೈ ಸ್ವಲ್ಪ ಸಮಾಧಾನವಾದ ಮೇಲೆ ಇನ್ನೊಂದು ತುಣುಕು. ನಮ್ಮ ಕಡೆ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ನೀರು ಬಿಡುತ್ತಾರಲ್ಲ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ಹಾಗೆ. ಎಲ್ಲ ಗೇಟನ್ನೂ ಒಟ್ಟಿಗೆ ಎತ್ತಿದರೆ ಗದ್ದೆಗೆ ನೀರು ಹೋಗಲ್ಲ, ಏರಿ ಒಡೆಯುತ್ತದೆ.

ಈ ವಿದ್ಯೆಗೆ ಸುಮಾರು ನೂರು ವರ್ಷ. ವಿಯೆನ್ನಾದಲ್ಲಿ ಫ್ರಾಯ್ಡ್ ಶಿಷ್ಯನಾಗಿದ್ದ ವಿಲ್ಹೆಲ್ಮ್ ರೈಕ್, ಜನ ತಮ್ಮ ನೋವನ್ನು ಸ್ನಾಯುಗಳಲ್ಲಿ ಕವಚದ ಹಾಗೆ ಕಟ್ಟಿಕೊಳ್ಳುತ್ತಾರೆ ಅಂತ ಮೊದಲು ಗಟ್ಟಿಯಾಗಿ ಹೇಳಿದವನು. ಆಮೇಲೆ ಅದೇ ಮನುಷ್ಯ ಒಳಗೆ ಕೂತರೆ ರೋಗ ವಾಸಿಯಾಗುತ್ತದೆ ಅಂತ ಏನೇನೋ ವಿಚಿತ್ರ ಪೆಟ್ಟಿಗೆಗಳನ್ನು ಮಾಡಿಕೊಂಡು, ಅವನ್ನು ಹಂಚಬೇಡ ಅಂತ ಕೋರ್ಟು ಅಂದದ್ದನ್ನೂ ಕೇಳದೆ, 1957ರಲ್ಲಿ ಅಮೆರಿಕದ ಜೈಲಿನಲ್ಲಿ ಸತ್ತ. ಈ ಕ್ಷೇತ್ರದಲ್ಲಿ ಕಾಳು, ಜೊಳ್ಳು ಎರಡೂ ಮೊದಲಿನಿಂದಲೇ ಸೇರಿಕೊಂಡಿವೆ. ನಿಮ್ಮ ಯಜಮಾನರ ಅನುಮಾನ ಪೂರ್ತಿ ತಪ್ಪಲ್ಲ. ಮನಸ್ಸಿಗಾದ ಆಘಾತಕ್ಕೆ ಜಾಸ್ತಿ ಪುರಾವೆ ಇರುವ ಚಿಕಿತ್ಸೆಗಳು ಬೇರೆ ಇವೆ, ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತ ಕಹಿ ನೆನಪನ್ನು ಹಗುರ ಮಾಡುವುದು) ಅಂತ, ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸಲಹೆ ಮಾಡಿದ್ದು ಅವನ್ನೇ. ದೇಹದ ಮೂಲಕ ಹೋಗುವ ಈ ದಾರಿಯ ಮೇಲೆ ನಡೆದ ಅಧ್ಯಯನಗಳು ಕಡಿಮೆ, ಸಣ್ಣವು. 2017ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಅಧ್ಯಯನದಲ್ಲಿ 63 ಜನರಿದ್ದರು, ಅಮೆರಿಕದ ಚಿಕಿತ್ಸಕ ಪೀಟರ್ ಲೆವಿನ್ ರೂಪಿಸಿದ ಇಂಥದ್ದೇ ಒಂದು ಪದ್ಧತಿಯಿಂದ ಅವರಲ್ಲಿ ಒಳ್ಳೆಯ ಬದಲಾವಣೆಯೇ ಕಂಡಿತು. 63 ಜನರ ಮೇಲೆ ದೊಡ್ಡ ಮಾತು ಆಡೋದಕ್ಕೆ ಆಗಲ್ಲ, ತಳ್ಳಿಹಾಕುವುದಕ್ಕೂ ಆಗಲ್ಲ.

ಆದ್ದರಿಂದ ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ನಿಮ್ಮ ಮೂಲ ಓದು ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಬರೀ ವಾರಾಂತ್ಯದ ಸರ್ಟಿಫಿಕೇಟ್ ನಂಬಬೇಡಿ. ಮುಟ್ಟುತ್ತೀರಾ? ಇದನ್ನು ಕೇಳೋದಕ್ಕೆ ಸಂಕೋಚ ಬೇಡ. ಎಷ್ಟೋ ಜನ ಮುಟ್ಟದೆಯೇ ಕೆಲಸ ಮಾಡುತ್ತಾರೆ. ಮುಟ್ಟುವವರು ಯಾಕೆ, ಎಲ್ಲಿ ಅಂತ ಮೊದಲೇ ಹೇಳಿ ನಿಮ್ಮ ಒಪ್ಪಿಗೆ ತೆಗೆದುಕೊಳ್ಳಬೇಕು, ಕೊಟ್ಟ ಒಪ್ಪಿಗೆಯನ್ನು ಮಧ್ಯದಲ್ಲೇ ವಾಪಸ್ ಪಡೆಯೋ ಹಕ್ಕು ನಿಮ್ಮದು. ಒಂದೇ ಸಿಟಿಂಗಿನಲ್ಲಿ ವಾಸಿ ಅನ್ನುವವರು, ಗುಂಪಿನಲ್ಲಿ ಕೂರಿಸಿ ಕಿರುಚಿ ಅತ್ತುಬಿಡಿ ಅನ್ನುವವರು, ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟುಬಿಡಿ ಅನ್ನುವವರು, ಇವರ ಮೆಟ್ಟಿಲು ಹತ್ತಲೇಬೇಡಿ.

ಯೋಗದ ವಿಷಯ. ಮೈಸೂರಿನವರಿಗೆ ಯೋಗದ ಬಗ್ಗೆ ಹೇಳೋ ಧೈರ್ಯ ಯಾರಿಗಿದೆ, ಗೋಕುಲಂನಲ್ಲಿ ಬೆಳಗ್ಗೆ ಚಾಪೆ ಸುತ್ತಿಕೊಂಡು ಓಡಾಡುವ ವಿದೇಶಿಯರನ್ನು ನೋಡಿದರೆ ಸಾಕು! ಒಳ್ಳೇದೇ, ಮಾಡಿ. ಆದರೆ ಯೋಗದ ಮೇಷ್ಟ್ರು ಮೈ ಏನು ಮಾಡಬೇಕು ಅಂತ ಹೇಳುತ್ತಾರೆ, ಇಲ್ಲಿ ಮೈ ಏನು ಮಾಡುತ್ತಿದೆ ಅಂತ ಕೇಳುತ್ತಾರೆ. ನಿಮ್ಮಂಥವರು ಆಸನವನ್ನೂ ಹಲ್ಲು ಕಚ್ಚಿ ಚೆನ್ನಾಗಿ ಹಿಡಿದುಬಿಡುತ್ತೀರಿ, ಅದೇ ನನ್ನ ಭಯ. ಅತ್ತೆ ದೃಷ್ಟಿ ತೆಗೆಯಲಿ ಬಿಡಿ. ಎದುರು ಕೂರಿಸಿಕೊಂಡು ನಿವಾಳಿಸುವಷ್ಟು ಅಕ್ಕರೆ ಇದೆಯಲ್ಲ, ಅದಕ್ಕೆ ಯಾಕೆ ಜಗಳ.

ಯಜಮಾನರಿಗೆ ‘ಥೆರಪಿ’ ಅಂತ ಶುರು ಮಾಡಬೇಡಿ. ‘ಎಂಡೋಸ್ಕೋಪಿಗೂ ದುಡ್ಡು ಕೊಟ್ವಿ, ಏನೂ ಸಿಗಲಿಲ್ಲ, ಗಂಟಲು ಹಾಗೇ ಇದೆ. ಇದನ್ನ ಆರು ಸಲ ನೋಡ್ತೀನಿ, ಮೊದಲ ಸಲ ನೀವೂ ಬನ್ನಿ’ ಅನ್ನಿ. ಬಂದರೆ ಇನ್ನೊಂದು ಅನುಕೂಲ ಇದೆ. ಮೊದಮೊದಲು ಸಿಟಿಂಗ್ ಮುಗಿದ ಮೇಲೆ ಮೈ ಸುಸ್ತಾಗುತ್ತದೆ, 45 ಕಿಲೋಮೀಟರ್ ಸ್ಕೂಟರ್ ಓಡಿಸಿಕೊಂಡು ಬರೋ ಸ್ಥಿತಿ ಇರಲ್ಲ. ರೈಲಿನಲ್ಲಿ ಇಬ್ಬರೂ ಬನ್ನಿ. ಕದ್ದು ಹೋಗುವುದು ಪಾಪ ಅಂತ ನಾನು ಹೇಳುತ್ತಿಲ್ಲ, ಬಿಗಿ ಹಿಡಿದುಕೊಳ್ಳೋದಕ್ಕೆ ನಿಮಗೆ ಇನ್ನೊಂದು ಗುಟ್ಟು ಬೇಡ ಅಂತ, ಅಷ್ಟೇ.

ಅಲ್ಲಿವರೆಗೆ ಸೈರನ್ ಕೇಳಿದಾಗ ಕಣ್ಣು ಮುಚ್ಚಬೇಡಿ, ಬಲವಂತದ ದೀರ್ಘ ಉಸಿರೂ ಬೇಡ, ಕೆಲವರಿಗೆ ಅದರಿಂದಲೇ ಗಾಬರಿ ಜಾಸ್ತಿಯಾಗುತ್ತದೆ. ಕ್ಲಾಸಿನ ಗೋಡೆಗೆ ಎರಡೂ ಅಂಗೈ ಒತ್ತಿ ತಳ್ಳಿ, ಚಪ್ಪಲಿ ಬಿಟ್ಟು ಪಾದ ನೆಲಕ್ಕೆ ಊರಿ, ರೂಮಿನಲ್ಲಿ ಕಾಣುವ ವಸ್ತುಗಳನ್ನು ಒಂದೊಂದಾಗಿ ನೋಡಿ. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗ ಬಾಯಿ ಮುಚ್ಚಿಕೊಂಡು ಯಾವುದಾದರೂ ರಾಗ ಗುನುಗಿ. ಗಂಟಲು, ಉಸಿರು ಎರಡೂ ತಾವಾಗಿ ಸಡಿಲವಾಗುತ್ತವೆ. ನಿದ್ದೆಯೇ ಬರದಿದ್ದರೆ, ಬದುಕೇ ಬೇಡ ಅನ್ನೋ ಯೋಚನೆ ಬಂದರೆ ಮಾತ್ರ ಮೈಸೂರಿಗೆ ಹೋಗುವ ದಿನ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಿನ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೇ ಮನೋವೈದ್ಯರಿದ್ದಾರೆ.

ಆರು ಸಲ ಆದಮೇಲೂ ಗಂಟಲು, ಭುಜ, ನಿದ್ದೆ ಯಾವುದರಲ್ಲೂ ಬದಲಾವಣೆ ಕಾಣದಿದ್ದರೆ ಅವರಿಗೇ ನೇರವಾಗಿ ಹೇಳಿ, ಸಿಬಿಟಿ ಅಥವಾ ಇಎಂಡಿಆರ್ ಮಾಡುವ ಬೇರೆಯವರ ಹೆಸರು ಕೇಳಿ. ಒಳ್ಳೆಯವರಾದರೆ ಬರೆದುಕೊಡುತ್ತಾರೆ. ‘ನಿಮ್ಮಲ್ಲೇ ವಿರೋಧ ಇದೆ’ ಅಂತ ನಿಮ್ಮ ಮೇಲೇ ತಿರುಗಿಬಿದ್ದರೆ ಆ ದಿನದ ಫೀಸು ಕೊಟ್ಟು ಎದ್ದು ಬನ್ನಿ.